ಪಂಪ್‌ಹೌಸಿನ ಕೂಗು

ಆ ಪೆಟ್ಟಿಗೆಗೆ ನಾನು ಮನೆ ಅಳಿಯ ಎಂದು ಹೆಸರಿಟ್ಟಿದ್ದೆ. ಗೋಡೆಗೆ ಒರಗಿ ಕೂತಿರುತ್ತಿತ್ತು, ಹಗಲೂ ರಾತ್ರಿ ಕರೆಂಟು ತಿನ್ನುತ್ತಿತ್ತು, ಒಂದು ದಿನವಾದರೂ ಏನಾದರೂ ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಮುಖದ ಮೇಲೆ ಒಂದು ಹಸಿರು ದೀಪ ಮಾತ್ರ ಸದಾ ಉರಿಯುತ್ತಿತ್ತು. ಅದನ್ನು ಒರೆಸುವುದು, ಅದರ ಬ್ಯಾಟರಿ ನೋಡುವುದು, ತಿಂಗಳಿಗೊಮ್ಮೆ ಪುಸ್ತಕದಲ್ಲಿ ‘ಸರಿಯಾಗಿದೆ’ ಎಂದು ಬರೆದು ಸಹಿ ಹಾಕುವುದು ನನ್ನ ಪಾಲಿಗೆ ಬಂದಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಳಿಯನ ಸೇವೆ ಮಾಡುವಾಗ ಅದು ಇನ್ನೂ ಸ್ವಲ್ಪ ಮುಂದಕ್ಕೆ ಬರುತ್ತಿತ್ತು.

ನಾನು ಆಗ ಶಹಾಪುರದಿಂದ ಹುಣಸಗಿ ಕಡೆ ಹೋಗುವ ದಾರಿಯಿಂದ ಒಳಗೆ, ಕಾಲುವೆ ದಂಡೆಯ ಮೇಲಿದ್ದ ಒಂದು ಸಣ್ಣ ಏತ ನೀರಾವರಿ ಪಂಪ್‌ಹೌಸಿನಲ್ಲಿ ಎಲೆಕ್ಟ್ರಿಷಿಯನ್. ಈಗ ಆ ಪಂಪ್‌ಹೌಸ್ ಇಲ್ಲ. ಯಂತ್ರಗಳನ್ನು ಬಿಚ್ಚಿ ಬೇರೆ ಕಡೆ ಒಯ್ದರು, ಕಟ್ಟಡಕ್ಕೆ ಬೀಗ ಬಿತ್ತು, ಹೆಸರು ಹೇಳಿ ಯಾರಿಗೂ ಉಪಯೋಗವಿಲ್ಲ. ಕಾಲುವೆ ತಗ್ಗಿನಲ್ಲಿ, ಹೊಲಗಳು ಏರಿನಲ್ಲಿ. ನಡುವೆ ನೆಲದೊಳಗೆ ಐದು ಅಂತಸ್ತು ಇಳಿದ ಒಂದು ಕಾಂಕ್ರೀಟ್ ಬಾವಿ, ಅದರ ತಳದಲ್ಲಿ ಮೂರು ಪಂಪು. ಇಳಿಯಲು ಎರಡು ದಾರಿ. ಒಂದು ಸುತ್ತುಮೆಟ್ಟಿಲು. ಇನ್ನೊಂದು, ಪೈಪುಗಳಿಗೆಂದು ಕೊರೆದ ಇಳಿಜಾರು ಸುರಂಗ. ಕಾಲುವೆ ದಂಡೆಯಲ್ಲಿ ಬಾಯಿ, ಪಂಪಿನ ಅಂತಸ್ತಿನಲ್ಲಿ ಬಾಗಿಲು. ನಮ್ಮ ಸೀಮೆಯ ಬಂಡೆ ಯಾರಿಗೂ ಬಗ್ಗುವುದಿಲ್ಲವಲ್ಲ, ಬಂಡೆ ಅಡ್ಡ ಬಂದಲ್ಲೆಲ್ಲ ಕೊರೆಯುವವರೇ ಬಗ್ಗಿದ್ದರು. ಹಾಗಾಗಿ ಸುರಂಗಕ್ಕೆ ಮೂರು ತಿರುವು.

ಪೆಟ್ಟಿಗೆ ಬಂದದ್ದು ಒಬ್ಬ ಅಗ್ನಿಶಾಮಕ ಅಧಿಕಾರಿಯ ಹಟದಿಂದ. ತಪಾಸಣೆಗೆಂದು ಬಂದವರು ನನ್ನ ಕೈಗೊಂದು ವಾಕಿಟಾಕಿ ಕೊಟ್ಟು ಮೇಲೆ ನಿಲ್ಲಿಸಿ, ತಾವೊಂದು ಹಿಡಿದು ಮೆಟ್ಟಿಲಿಳಿದರು. ಎರಡನೇ ಅಂತಸ್ತಿನ ತನಕ ಅವರ ದನಿ ಬಂತು. ಆಮೇಲೆ ಬರೀ ಮಂಡಕ್ಕಿ ಹುರಿದ ಹಾಗೆ ಚರಚರ ಸದ್ದು. ಆಮೇಲೆ ಅದೂ ಇಲ್ಲ. ಅರ್ಧ ತಾಸಿಗೆ ಏದುಸಿರು ಬಿಡುತ್ತ ಮೇಲೆ ಬಂದರು.

“ನಾ ತಳದಾಗ ನಿಂತು ಹತ್ತು ಸರ್ತಿ ಕರದೀನಿ. ಕೇಳ್ತೇನ್ರಿ?”

“ಇಲ್ರಿ ಸಾಹೇಬ್ರ.”

“ನಾಳೆ ಇಲ್ಲಿ ಹೊಗಿ ತುಂಬಿದ್ರ ನಮ್ಮ ಹುಡುಗ್ರು ಇಳೀತಾರ. ಅವ್ರೂ ಹಿಂಗ ಕರೀತಾರ. ಕೇಳಂಗಿಲ್ಲ ಅಂದ್ರ ಹ್ಯಾಂಗ್ರಿ?”

ನಾನು ಮನಸ್ಸಿನಲ್ಲೇ, ನೀರೆತ್ತುವ ಜಾಗದಲ್ಲಿ ಬೆಂಕಿ ಎಲ್ಲಿಂದ ಬರುತ್ತದೆ ಮಹಾರಾಯರೇ, ಎಂದುಕೊಂಡೆ. ಅವರು ಕಾಗದದ ಮೇಲೆ ಕಾಗದ ಬರೆದರು. ಕೊನೆಗೊಂದು ದಿನ ಯಾದಗಿರಿ ಸ್ಟೇಷನ್ನಿನಲ್ಲಿ ಪಾರ್ಸೆಲ್ ಇಳಿಯಿತು. ಬೂಸ್ಟರ್ ಎಂದು ಎಲ್ಲರೂ ಕರೆದರು. ಛಾವಣಿಯ ಮೇಲೊಂದು ಆಂಟೆನಾ, ಮೇಲಿನ ಕೋಣೆಯಲ್ಲಿ ಈ ಪೆಟ್ಟಿಗೆ, ಪೆಟ್ಟಿಗೆಯಿಂದ ಮೆಟ್ಟಿಲಿಗೊಂದು, ಸುರಂಗಕ್ಕೊಂದು ಕಪ್ಪು ಕೇಬಲ್. ಆ ಕೇಬಲ್ಲಿನ ಒಳಪದರಕ್ಕೆ ಉದ್ದಕ್ಕೂ ಸಣ್ಣ ಸಣ್ಣ ಸೀಳು. ಡ್ರಿಪ್ ಪೈಪಿನಲ್ಲಿ ನೀರು ತೊಟ್ಟಿಕ್ಕುವ ಹಾಗೆ ಆ ಸೀಳುಗಳಿಂದ ಸಿಗ್ನಲ್ ಹೊರಗೆ ಬರುತ್ತದೆ. ಒಳಗಿನ ವಾಕಿಟಾಕಿಯ ದನಿಯನ್ನು ಅದೇ ಸೀಳುಗಳು ಹೀರಿ ಮೇಲಕ್ಕೆ ಕಳಿಸುತ್ತವೆ. ಪೆಟ್ಟಿಗೆಯ ಕೆಲಸ ಇಷ್ಟೇ: ಬಂದ ದನಿಯನ್ನು ದೊಡ್ಡದು ಮಾಡಿ ಮುಂದಕ್ಕೆ ದಾಟಿಸುವುದು.

ಜೋಡಿಸಲು ಬಂದವರು ಇದನ್ನು ಒಂದು ತಾಸು ವಿವರಿಸಿದರು. ನನಗೆ ಅರ್ಧ ತಿಳಿಯಿತು. ಪಕ್ಕದಲ್ಲಿ ಚಹಾ ಕುಡಿಯುತ್ತ ನಿಂತಿದ್ದ ಕಾಕಾ ಒಂದೇ ಮಾತಿನಲ್ಲಿ ಮುಗಿಸಿದರು.

“ಅಂದ್ರ ಇದು ಕೂಗು.”

ಕಾಕಾ ಎಂದರೆ ನಮ್ಮ ಹಿರಿಯ ಪಂಪ್ ಆಪರೇಟರ್. ಸುರಪುರ ಕಡೆಯವರು. ರಕ್ತಸಂಬಂಧವಿಲ್ಲ, ಆದರೆ ನಾನು ಕೆಲಸಕ್ಕೆ ಸೇರಿದ ದಿನದಿಂದ ಕಾಕಾ ಎಂದೇ ಕರೆದದ್ದು. ಪಂಪಿನ ಸದ್ದು ಕೇಳಿ ಅದರ ಹೊಟ್ಟೆಯ ನೋವು ಹೇಳುತ್ತಿದ್ದರು. ನನ್ನ ಸಿಟ್ಟನ್ನು ಮಾತ್ರ ಅವರು ಎಂದೂ ರಿಪೇರಿ ಮಾಡಲು ಹೋಗಲಿಲ್ಲ. ಅದು ತಾನೇ ತಣ್ಣಗಾಗುವ ಮೋಟಾರು ಎಂದು ಬಿಟ್ಟುಬಿಡುತ್ತಿದ್ದರು.

ಅವರು ಹೇಳಿದ ಕೂಗು ನಮ್ಮ ಕಡೆಯವರಿಗೆ ಗೊತ್ತು. ನಾನು ಚಡ್ಡಿ ಹಾಕುವ ವಯಸ್ಸಿನಲ್ಲಿ ನಮ್ಮೂರಿಗೆ ಇದೇ ಕಾಲುವೆಯ ನೀರು ಬಂತು. ಗೇಟು ಒಂದು ಕಡೆ, ಕೊನೆಯ ಹೊಲ ಎಲ್ಲೋ. ನಡೆದರೆ ಒಂದೂವರೆ ತಾಸು. ಪಾಳಿಯ ನೀರು ಬಿಟ್ಟರೋ ಇಲ್ಲವೋ ಕೊನೆಯವನಿಗೆ ತಿಳಿಯುವುದು ಹೇಗೆ? ಫೋನು ಯಾರ ಬಳಿಯೂ ಇರಲಿಲ್ಲ. ಅದಕ್ಕೇ ದಂಡೆಯುದ್ದಕ್ಕೂ ಕೂಗಿದರೆ ಕೇಳುವಷ್ಟು ದೂರಕ್ಕೆ ಒಬ್ಬೊಬ್ಬರು ನಿಲ್ಲುತ್ತಿದ್ದರು. ಗೇಟಿನ ಬಳಿಯವರು ಕೂಗಿದ್ದನ್ನು ಎರಡನೆಯವರು ಮೂರನೆಯವರಿಗೆ, ಅವರು ನಾಲ್ಕನೆಯವರಿಗೆ. ಆದರೆ ಒಂದು ಕಟ್ಟು ಇತ್ತು. ಕೇಳಿಸಿಕೊಂಡವರು ಮೊದಲು ಹಿಂದಕ್ಕೆ ತಿರುಗಿ, ಕೇಳಿದ್ದನ್ನು ಹೇಳಿದವರಿಗೇ ಒಪ್ಪಿಸಬೇಕು. ಅವರು ಹೂಂ ಎಂದ ಮೇಲೆ ಮುಂದಕ್ಕೆ ತಿರುಗಬೇಕು. ಒಪ್ಪಿಸದೆ ಮುಂದೆ ದಾಟಿಸಿದವರಿಗೆ ಬೈಗುಳ ಗ್ಯಾರಂಟಿ.

ನಮ್ಮ ದಂಡೆಯಲ್ಲಿ ಆ ಬೈಗುಳ ಬರುತ್ತಿದ್ದದ್ದು ದೊಡ್ಡವ್ವನ ಬಾಯಿಂದ. ಕೆಂಭಾವಿ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಗೇಟು ಕಾಯುತ್ತಿದ್ದ. ಅವನು ತೀರಿಕೊಂಡ ಮೇಲೆ ಹೊಸ ಗೇಟಿನವನು ಬಂದ, ಆದರೆ ಅವನ ದನಿ ಎರಡು ಹೊಲ ದಾಟುತ್ತಿರಲಿಲ್ಲ. ರೈತರು ದೊಡ್ಡವ್ವನನ್ನೇ ಕರೆದು ನಿಲ್ಲಿಸಿದರು. ಕೂಲಿ ಮಾಡುತ್ತಲೇ ಪಾಳಿಯ ದಿನ ಅವಳು ಕೂಗಿಗೆ ಬರುತ್ತಿದ್ದಳು. ಚೋಟುದ್ದದ ಹೆಂಗಸು. ಬಾಯಿ ತೆರೆದರೆ ಆಚೆ ದಂಡೆಯ ಎಮ್ಮೆಗಳು ತಲೆಯೆತ್ತಿ ನೋಡುತ್ತಿದ್ದವು. ಮೊಬೈಲು ಬಂದ ಮೇಲೆ ಕೂಗು ಬಹುಮಟ್ಟಿಗೆ ನಿಂತುಹೋಯಿತು, ದೊಡ್ಡವ್ವನಿಗೂ ವಯಸ್ಸಾಯಿತು.

ಪೆಟ್ಟಿಗೆ ಬಂದ ಮರುವರ್ಷ ದಸರೆ. ಮಹಾನವಮಿಯ ದಿನ ನಮ್ಮಲ್ಲಿ ಖಂಡೆ ಪೂಜೆ. ಇಕ್ಕಳದಿಂದ ಹಿಡಿದು ಟ್ರ್ಯಾಕ್ಟರಿನ ತನಕ ದುಡಿಯುವ ಎಲ್ಲ ವಸ್ತುವಿಗೂ ಅಂದು ಸ್ನಾನ, ಹೂವು, ಕುಂಕುಮ, ವಿಶ್ರಾಂತಿ. ಪಂಪ್‌ಹೌಸಿನಲ್ಲಿ ಆ ದಿನ ಬೆಳಿಗ್ಗೆ ಮೂರೂ ಪಂಪು ನಿಲ್ಲಿಸಿ ಪೂಜೆ ಮಾಡಿ, ಸಂಜೆಗೆ ಮತ್ತೆ ಚಾಲೂ ಮಾಡುತ್ತಿದ್ದೆವು. ರೈತರೂ ಅದಕ್ಕೆ ಒಪ್ಪಿದ್ದರು. ಒಪ್ಪುವುದೇನು, ಮನೆಯಿಂದ ಹೋಳಿಗೆ ಕಟ್ಟಿಕೊಂಡು ತಾವೇ ಬರುತ್ತಿದ್ದರು.

ತಳದಲ್ಲಿ ಒಂದು ಸಣ್ಣ ಪಂಪು ಮಾತ್ರ ನಿಲ್ಲುವಂತಿರಲಿಲ್ಲ. ಗೋಡೆಯಿಂದ ಜಿನುಗುವ ನೀರನ್ನು ಹೊರಹಾಕುವ ಪಂಪದು. ಅದರ ಬಳಿ ಒಬ್ಬರು ಇರಲೇಬೇಕು. ಪ್ರತಿ ವರ್ಷ ಕಾಕಾ ಇಳಿಯುತ್ತಿದ್ದರು. ಅವರದು ಬೌದ್ಧ ಮನೆತನ, ಪೂಜೆ ಮಾಡುವವರಲ್ಲ. ಮರುದಿನ ದಶಮಿಗೆ ಬಿಳಿ ಬಟ್ಟೆ ತೊಟ್ಟು ಮನೆಮಂದಿಯೊಂದಿಗೆ ವಿಹಾರಕ್ಕೆ ಹೋಗುವುದು ಅವರ ಪದ್ಧತಿ. ಅದಕ್ಕೆಂದು ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ಆಗಲೇ ಆಪರೇಟರ್ ಕೋಣೆಯ ಮೊಳೆಗೆ ತೂಗುತ್ತಿತ್ತು.

“ನೀವು ಆರಾಮ ಪೂಜಾ ಮಾಡ್ರಿ, ತಳ ನಾ ನೋಡ್ತೀನಿ. ಹೋಳಿಗಿ ಮಾತ್ರ ಮರೀಬ್ಯಾಡ್ರಿ,” ಎಂದು ಮೆಟ್ಟಿಲಿನ ಕಡೆ ಹೊರಟವರು, ನಾನು ಮಾಡುತ್ತಿದ್ದ ಕೆಲಸ ನೋಡಿ ನಿಂತರು.

ನಾನು ಮನೆ ಅಳಿಯನಿಗೂ ಅಭ್ಯಂಜನ ಮಾಡಿಸುತ್ತಿದ್ದೆ. ಎಲ್ಲ ಯಂತ್ರಕ್ಕೂ ರಜೆ ಇರುವಾಗ ಇದೊಂದು ಯಾಕೆ ಉರಿಯಬೇಕು? ಸ್ವಿಚ್ಚು ಆರಿಸಿ, ಬ್ಯಾಟರಿಯನ್ನು ಬಿಚ್ಚಿ ಪಡಸಾಲೆಗೆ ತಂದು, ಒರೆಸಿ, ಸ್ಪ್ಯಾನರುಗಳ ಸಾಲಿನಲ್ಲಿ ಇಟ್ಟಿದ್ದೆ.

“ಅದನ್ಯಾಕ ಬಂದ್ ಮಾಡಿದಿಯೋ?”

“ಪೂಜಾ ಮುಗಿಯೂತನ ಕಾಕಾ. ಅದೇನ್ ದುಡಿದು ಸಾಯಾಕತ್ತದ?”

ಅವರು ನಕ್ಕರು. “ಕೂಗಿನವರ್ನ ಮನಿಗೆ ಕಳಿಸಿದಿ ಅನ್ನು,” ಎಂದು ಇಳಿದುಹೋದರು. ಆ ನಗುವನ್ನು ನಾನು ಆಮೇಲೆ ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. ಆ ಬ್ಯಾಟರಿಗೆ ಬರುವ ಎರಡೂ ವೈರು ಕಪ್ಪು. ಯಾವುದು ಯಾವ ತುದಿಗೆ ಎಂದು ತಪ್ಪಬಾರದೆಂದು ನಾನೇ ಬುದ್ಧಿವಂತಿಕೆಯಿಂದ ಪ್ಲಸ್ ತುದಿಗೊಂದು, ಅದಕ್ಕೆ ಸೇರುವ ವೈರಿನ ಕೊನೆಗೊಂದು ಕೆಂಪು ಬಣ್ಣದ ಬೊಟ್ಟು ಇಟ್ಟಿದ್ದೆ. ಪೂಜೆಯ ಹೊತ್ತಿಗೆ ಕುಂಕುಮದ ಬಟ್ಟಲು ನನ್ನ ಕೈಯಲ್ಲಿತ್ತು. ಕೈ ತನ್ನ ಪಾಡಿಗೆ ತಾನು ಎಲ್ಲಕ್ಕೂ ಹಚ್ಚುತ್ತ ಹೋಯಿತು: ಸ್ಪ್ಯಾನರಿಗೆ, ಮೀಟರಿಗೆ, ಬ್ಯಾಟರಿಯ ಈ ತುದಿಗೆ, ಆ ತುದಿಗೆ, ಪೆಟ್ಟಿಗೆಯಿಂದ ಇಳಿಬಿದ್ದಿದ್ದ ಎರಡೂ ವೈರಿಗೆ.

ಮಂಗಳಾರತಿ ನಡೆದಿತ್ತು. ಸುಟ್ಟ ವಾಸನೆ ಬಂದಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಕರ್ಪೂರ, ಊದಿನಕಡ್ಡಿ, ಜೊತೆಗೆ ಒಬ್ಬರು ತಂದಿದ್ದ ಲೋಬಾನ. ಹೊಗೆ ಮೊದಲೇ ಇತ್ತು. ಮೆಟ್ಟಿಲಿನ ಬಾಗಿಲ ಸಂದಿಯಿಂದ ಕಪ್ಪಗೆ ಸುರುಳಿ ಏಳುವುದನ್ನು ಮೊದಲು ಕಂಡವಳು ದೊಡ್ಡವ್ವ. ಹೋಳಿಗೆಯ ಬುಟ್ಟಿ ಹಿಡಿದು ಹೊಸ್ತಿಲಲ್ಲಿ ಕೂತಿದ್ದಳು.

“ಏ, ಇದು ದೇವ್ರ ಹೊಗಿ ಅಲ್ಲೋ!”

ಬಾಗಿಲು ತೆರೆದೆ. ಹೊಗೆ ಮುಖಕ್ಕೆ ಬಡಿಯಿತು. ಸಣ್ಣ ಪಂಪಿನ ಸ್ವಿಚ್ ಬೋರ್ಡು ಸುಟ್ಟು, ಅಲ್ಲಿಂದ ಕೇಬಲ್ಲುಗಳಿಗೆ ಹತ್ತಿತ್ತು ಎಂದು ಆಮೇಲೆ ತಿಳಿಯಿತು. ಕಾಕಾ ಎಂದು ಕಿರುಚಿದೆ. ಇಂಟರ್‌ಕಾಮ್ ಎತ್ತಿದರೆ ಸತ್ತಿತ್ತು. ಮೂಗಿಗೆ ಟವೆಲ್ಲು ಕಟ್ಟಿ ಒಂದು ಅಂತಸ್ತು ಇಳಿದೆ. ಎರಡನೆಯದರ ಅರ್ಧಕ್ಕೆ ಕಣ್ಣು ಕತ್ತಲಾಗಿ, ಮೊಣಕಾಲೂರಿ ವಾಪಸ್ ಹತ್ತಿದೆ. ಅಷ್ಟರಲ್ಲಿ ಯಾರೋ ಫೋನು ಮಾಡಿದ್ದರು. ಬೆಂಕಿ ವಾಹನ ಹಬ್ಬದ ರಸ್ತೆಯಲ್ಲಿ ಹೇಗೆ ಬಂತೋ, ನಾವು ಅಂದುಕೊಂಡದ್ದಕ್ಕಿಂತ ಬೇಗ ಬಂತು. ಇಳಿದವರು ಅದೇ ಹಟದ ಸಾಹೇಬರು, ಜೊತೆಗೆ ಅವರ ಸಿಬ್ಬಂದಿ.

“ಒಳಗ ಎಷ್ಟು ಮಂದಿ?”

“ಒಬ್ರೇ ಸಾಹೇಬ್ರ. ಕಾಕಾ. ತಳದಾಗ.”

“ಮೇನ್ ಆಫ್ ಮಾಡ್ರಿ. ಬೂಸ್ಟರ್ ಬ್ಯಾಟ್ರಿ ಮ್ಯಾಲ ನಡೀತದ ಅಲ್ಲ?”

“ಒಂದ್ ನಿಮಿಷ,” ಎಂದೆ.

ಬ್ಯಾಟರಿಯನ್ನು ಅವುಚಿಕೊಂಡು ಓಡಿದೆ. ಚೆಂಡುಹೂವಿನ ಮಾಲೆ ಕಾಲಿಗೆ ತೊಡರಿತು. ಪೆಟ್ಟಿಗೆಯ ಮುಂದೆ ಕೂತು ನೋಡಿದರೆ ಎರಡೂ ತುದಿ ಕೆಂಪು, ಎರಡೂ ವೈರು ಕೆಂಪು. ಒರೆಸಿ ನೋಡುವಷ್ಟು ತಾಳ್ಮೆ ನನ್ನ ಜನ್ಮದಲ್ಲಿ ಇರಲಿಲ್ಲ, ಆಗ ಎಲ್ಲಿಂದ ಬರಬೇಕು? ಅಂದಾಜಿನ ಮೇಲೆ ಜೋಡಿಸಿದೆ. ಟಪ್ ಎಂದಿತು. ಫ್ಯೂಜ್ ಹಾರಿತ್ತು. ತಾಮ್ರದ ಎಳೆ ಸುತ್ತಿ, ಈ ಸಲ ತುದಿಗಳನ್ನು ಒರೆಸಿ, ಸರಿಯಾಗಿ ಜೋಡಿಸಿದೆ. ಒಳಗಿನ ಯಾವುದೋ ಭಾಗ ಸುಟ್ಟುಹೋಗಿತ್ತು. ಹಸಿರು ದೀಪ ಬರಲಿಲ್ಲ. ಯಾವ ದೀಪ ಸುಮ್ಮನೆ ಉರಿಯುತ್ತದೆಂದು ಒಂದು ವರ್ಷ ಬೈದಿದ್ದೆನೋ ಅದರ ಮುಂದೆ ಕೂತು ಎರಡೂ ಕೈ ಮುಗಿದೆ. ಆಗಲೂ ಬರಲಿಲ್ಲ.

ಹೊರಗೆ ಬಂದು ಸಾಹೇಬರಿಗೆ ತಲೆಯಲ್ಲಾಡಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮೆಟ್ಟಿಲು ಹೊಗೆಗೂಡಾಗಿತ್ತು. ಸಾಹೇಬರು ಪೂಜೆಯ ತಟ್ಟೆಯಿಂದ ಉರಿಯುತ್ತಿದ್ದ ಊದಿನಕಡ್ಡಿ ಎತ್ತಿಕೊಂಡು ಸುರಂಗದ ಬಾಯಿಗೆ ಹಿಡಿದರು. ಅದರ ಹೊಗೆ ನೆಟ್ಟಗೆ ಒಳಕ್ಕೆ ಹೋಯಿತು. ಮೆಟ್ಟಿಲು ಹೊಗೆಯನ್ನು ಮೇಲಕ್ಕೆಳೆಯುತ್ತಿದೆ, ಅದರಿಂದ ಹೊರಗಿನ ಗಾಳಿ ಸುರಂಗದಲ್ಲಿ ಒಳಗೆ ನುಗ್ಗುತ್ತಿದೆ, ಸುರಂಗ ಸ್ವಚ್ಛವಾಗಿದೆ ಎಂದರು. ಇಬ್ಬರು ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್ ಹಾಕಿ ಹೊರಟರು. ಮೂರನೆಯವರು ಸುರಂಗದ ಕೊನೆಯ ಬಾಗಿಲಿನ ತನಕ ಹೋಗಿ ಅಲ್ಲೇ ನಿಲ್ಲುವವರು. ಒಳಗಿನ ಇಬ್ಬರ ವಾಕಿಟಾಕಿ ಬಾಗಿಲಿನವರಿಗೆ ಕೇಳುತ್ತದೆ. ಅಷ್ಟು ಹತ್ತಿರಕ್ಕೆ ಬೂಸ್ಟರ್ ಬೇಕಿಲ್ಲ. ಆದರೆ ಬಾಗಿಲಿನಿಂದ ನಮಗೆ? ಮೊದಲ ತಿರುವಿನಲ್ಲಿ ಅವರ ದನಿ ತುಂಡುತುಂಡಾಗಿ ಬಂತು. ಎರಡನೆಯದರಲ್ಲಿ ಅದೇ ಮಂಡಕ್ಕಿ ಸದ್ದು. ಆಮೇಲೆ ಸುಮ್ಮನಾಯಿತು.

ಸಾಹೇಬರು ವಾಕಿಟಾಕಿಯನ್ನು ಕಿವಿಗೊತ್ತಿ ನಿಂತಿದ್ದರು. ಸಿಲಿಂಡರಿನ ಗಾಳಿ ಅರ್ಧ ತಾಸೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಳಗೆ ಈಗ ಒಬ್ಬರಲ್ಲ, ಮೂವರು ಸೇರಿ ನಾಲ್ಕು ಜೀವ.

ಆಗ ದೊಡ್ಡವ್ವ ಬುಟ್ಟಿಯನ್ನು ಕೆಳಗಿಟ್ಟು ಎದ್ದುಬಂದಳು.

“ಸಾಹೇಬಾ, ಒಳಗ ಎಷ್ಟು ತಿರುವು ಅದಾವ?”

“ಮೂರು, ಯವ್ವ.”

“ಮೂರು ತಿರುವಿಗೆ ಮೂರು ಮಂದಿ ಸಾಕು. ಕೂಗು ಹಾಕ್ತೀವಿ.”

ಸಾಹೇಬರು ಊದಿನಕಡ್ಡಿಯನ್ನು ಇನ್ನೊಮ್ಮೆ ಹಿಡಿದು ನೋಡಿದರು. “ಹೊಗಿ ವಾಸನಿ ಬಂದ್ರ ನಿಲ್ಲಬಾರ್ದು, ಓಡಿ ಬರ್ಬೇಕು. ಮಾತು ಕೊಡ್ರಿ,” ಎಂದರು. ದೊಡ್ಡವ್ವ ಅವರ ಕೈ ಮುಟ್ಟಿ ಮಾತು ಕೊಟ್ಟಳು. ಹಳೆಯ ಕೂಗಿನ ಇಬ್ಬರು ರೈತರನ್ನು ಮೊದಲೆರಡು ತಿರುವಿಗೆ ನಿಲ್ಲಿಸಿ, ತಾನು ಬ್ಯಾಟರಿ ದೀಪ ಹಿಡಿದು, ಬಾಗಿಲಿನವರ ಕೂಗು ಕೇಳುವ, ಎಲ್ಲಕ್ಕಿಂತ ಕೆಳಗಿನ ಮೂರನೇ ತಿರುವಿಗೆ ಹೋದಳು. ದನಿ ಅಲ್ಲಿ ಹೆಚ್ಚು ಒಡೆಯುತ್ತದೆ, ಅಲ್ಲಿ ನಾನೇ ಬೇಕು ಎಂದಳು.

ಸ್ವಲ್ಪ ಹೊತ್ತಿಗೆ ಮೊದಲ ತಿರುವಿನಿಂದ ಕೂಗು ಬಂತು.

“ಇಬ್ರೂ—ಒಳಗ—ಹೋಗ್ಯಾರ.”

ಸಾಹೇಬರು “ಸರಿ” ಎನ್ನಹೊರಟರು. ನಾನು ತಡೆದೆ. “ತಿರುಗಿ ಹೇಳ್ರಿ ಸಾಹೇಬ್ರ. ಇಲ್ಲಂದ್ರ ಅವ್ರು ಮುಂದಿಂದು ಹೇಳಂಗಿಲ್ಲ.” ಅವರು ಒಪ್ಪಿಸಿದರು. ಎರಡನೇ ಕೂಗು ಬರಲು ತಡವಾಯಿತು.

“ಮನಷ್ಯಾ—ಸಿಗವಲ್ಲ. ಏನೂ—ಕಾಣವಲ್ದು.”

ಮತ್ತೆ ಸ್ವಲ್ಪ ಹೊತ್ತಿಗೆ: “ಅರ್ಧ ಗಾಳಿ—ಮುಗದದ.”

ಸಾಹೇಬರ ಮುಖ ನೋಡಿದೆ. ಇನ್ನೊಂದು ನಿಮಿಷಕ್ಕೆ ಅವರು ಇಬ್ಬರನ್ನೂ ವಾಪಸ್ ಕರೆಯುತ್ತಾರೆ. ಕರೆಯಲೇಬೇಕು. ಹೊಸ ಸಿಲಿಂಡರ್ ಹಾಕಿ ಮತ್ತೆ ಇಳಿಯುವಷ್ಟರಲ್ಲಿ ಕಾಕಾ ಇರುವುದಿಲ್ಲ. ನಾನು ಕುಂಕುಮದ ಕೈಯಿಂದ ತಲೆ ಹಿಡಿದುಕೊಂಡೆ. ಆಗ ನೆನಪಾಯಿತು.

ಕೆಲಸಕ್ಕೆ ಸೇರಿದ ಮೊದಲ ವಾರ ಕಾಕಾ ನನ್ನನ್ನು ತಳಕ್ಕೆ ಕರೆದೊಯ್ದು ಎರಡನೇ ಪಂಪಿನ ಹಿಂದಿನ ಕಬ್ಬಿಣದ ಮುಚ್ಚಳ ತೋರಿಸಿದ್ದರು. ಕೆಳಗೆ ವಾಲ್ವಿನ ಕುಣಿ, ಒಬ್ಬರು ಕೂರುವಷ್ಟು ಜಾಗ. “ಇಲ್ಲಿ ಹೊಗಿ ಗಿಗಿ ಬಂದ್ರ ಮ್ಯಾಲ ಓಡಬ್ಯಾಡ. ಹೊಗೀನೂ ಮ್ಯಾಲೇ ಓಡ್ತದ. ಇದರಾಗ ಇಳಿ. ಪೈಪಿನ ಸಂದಿಯಿಂದ ಸುರಂಗದ ಗಾಳಿ ಇಲ್ಲಿಗೆ ಬರ್ತದ,” ಎಂದಿದ್ದರು. ನಾನು ಆಗ ನಕ್ಕಿದ್ದೆ.

ಸುರಂಗದ ಬಾಯಿಗೆ ಹೋಗಿ ಎದೆ ಒಡೆಯುವ ಹಾಗೆ ಅಷ್ಟನ್ನೂ ಒಂದೇ ಉಸಿರಿಗೆ ಕೂಗಿದೆ. ಎರಡನೇ ಪಂಪು, ಅದರ ಹಿಂದೆ, ಮುಚ್ಚಳ, ಕಾಕಾ ಅದರಲ್ಲೇ ಇರಬೇಕು, ಜಲ್ದಿ ನೋಡಲು ಹೇಳ್ರೋ ಎಂದು. ಮಾತುಗಳು ಒಂದರ ಮೇಲೊಂದು ಬಿದ್ದು ಒಳಗೆಲ್ಲೋ ಗುಡುಗಿದವು. ಮೂರು ತಿರುವು ದಾಟಿ, ಮೂರು ಬಾಯಿ ದಾಟಿ, ಒಂದಕ್ಷರ ಕಡಿಮೆಯಾಗದೆ ದೊಡ್ಡವ್ವನ ಉತ್ತರ ಬಂತು.

“ಒಂದೊಂದ—ಮಾತು—ಹೇಳಂತ—ಅನ್ನು—ಆ ಹುಚ್ಚಗ.”

ನನ್ನ ಜೀವಮಾನದಲ್ಲಿ ನಾನು ಸಿಟ್ಟಾಗದೆ ತಿಂದ ಬೈಗುಳ ಅದೊಂದೇ ಇರಬೇಕು. ಉಸಿರು ಹಿಡಿದು ನಿಂತೆ.

“ಎರಡನೇ—ಪಂಪು.”

ಅದು ಒಳಗೆ ಇಳಿಯಿತು. ಇಳಿಯುತ್ತ ಇಳಿಯುತ್ತ ಪ್ರತಿ ತಿರುವಿನಲ್ಲೂ ಹಿಂದಕ್ಕೆ ಒಪ್ಪಿಸಲಾಯಿತು. ಮೊದಲು ಹತ್ತಿರದ ಗಂಡುದನಿ, ಆಮೇಲೆ ದೂರದ್ದು, ಆಮೇಲೆ ತಳದಿಂದ ದೊಡ್ಡವ್ವನ ಸೀಳುದನಿ. ಹೂಂ.

“ಅದರ—ಹಿಂದ.” ಹೂಂ.

“ಕಬ್ಬಿಣದ—ಮುಚ್ಚಳ.” ಹೂಂ.

“ತಗದು—ನೋಡ್ರಿ.”

ಆಮೇಲೆ ಏನೂ ಇಲ್ಲ. ಕಾಲುವೆಯಲ್ಲಿ ನೀರು ಹರಿಯುವ ಸದ್ದು ಇಷ್ಟು ದೊಡ್ಡದೆಂದು ನನಗೆ ಅಂದಿನ ತನಕ ಗೊತ್ತಿರಲಿಲ್ಲ. ಸಾಹೇಬರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು.

“ಸಿಕ್ಕಾನ.”

ನಾನು ಸುರಂಗದೊಳಗೆ ನುಗ್ಗಹೋದೆ. ಸಾಹೇಬರು ಅಂಗಿ ಹಿಡಿದು ಎಳೆದರು. “ತಿರುಗಿ ಹೇಳ್ರಿ,” ಎಂದರು, ನನಗೆ. ನಾನು ಅಂಗಿ ಬಿಡಿಸಿಕೊಳ್ಳಲು ಇನ್ನೂ ಒಳಕ್ಕೇ ಜಗ್ಗುತ್ತಿದ್ದೆ. ಅವರೇ ಒಪ್ಪಿಸಿದರು. ಒಪ್ಪಿಸಿದ ಮೇಲೆ, ಕಟ್ಟಿನ ಪ್ರಕಾರ, ಮುಂದಿನದು ಬಂತು.

“ಉಸಿರು—ಅದ.”

ಅದನ್ನು ನಾನು ಒಪ್ಪಿಸಿದೆ. ಅಳುತ್ತ ಒಪ್ಪಿಸಿದೆ. ಉಸಿರು ಅದ, ಉಸಿರು ಅದ ಎಂದು ಮತ್ತೆ ಮತ್ತೆ ಕೂಗಿದೆ. ಒಮ್ಮೆ ಸಾಕು ಎಂದು ಮೊದಲ ತಿರುವಿನವನು ಹೇಳಿದರೂ ನಿಲ್ಲಿಸಲಿಲ್ಲ.

ಕಾಕಾರನ್ನು ಹೊತ್ತು ತಂದಾಗ ಮುಖವೆಲ್ಲ ಮಸಿ, ಹುಬ್ಬು ಸುಟ್ಟಿತ್ತು, ಮೈಮೇಲೆ ಎಚ್ಚರವಿರಲಿಲ್ಲ. ಹಿಂದೆ ದೊಡ್ಡವ್ವ ದೀಪ ಹಿಡಿದು ಬಂದಳು. ಗಂಟಲು ಕಟ್ಟಿಹೋಗಿತ್ತು. ಅವಳ ಕಾಲಿಗೆ ಬಿದ್ದೆ. “ಏಳೋ, ಹೋಳಿಗಿ ಬುಟ್ಟಿ ಎಲ್ಲಿ ಇಟ್ಟೀನಿ ನೋಡು, ನಾಯಿ ಗೀಯಿ ಬಾಯಿ ಹಾಕೀತು,” ಎಂದು ಪಿಸುದನಿಯಲ್ಲಿ ಹೇಳಿದಳು.

ಮರುದಿನ ದಶಮಿ. ದವಾಖಾನೆಗೆ ಹೋದೆ. ಕಾಕಾ ಕಣ್ಣು ಬಿಟ್ಟಿದ್ದರು. ಅವರ ಹೆಂಡತಿ ಬಿಳಿ ಸೀರೆ ಉಟ್ಟು ಪಕ್ಕದಲ್ಲಿ ಕೂತಿದ್ದರು. ಮೊಳೆಗೆ ತೂಗುತ್ತಿದ್ದ ಬಿಳಿ ಅಂಗಿಯನ್ನು ನಾನು ಒಯ್ದಿದ್ದೆ. ಮೇಲಿನ ಕೋಣೆಗೆ ತುಂಬಿದ ಹೊಗೆಯಿಂದ ಅದು ಬೂದಿಯ ಬಣ್ಣಕ್ಕೆ ಬಂದಿತ್ತು. ಜೇಬಿನಲ್ಲಿ ಬನ್ನಿ ಎಲೆಯೂ ಇತ್ತು. ಕೊಡಬಹುದೋ ಬಾರದೋ ತಿಳಿಯದೆ ಕೈಯಲ್ಲಿ ಹಿಡಿದು ನಿಂತೆ. ಕಾಕಾ ತಾವೇ ಕೈ ಚಾಚಿ ಎಲೆ ತೆಗೆದುಕೊಂಡು ದಿಂಬಿನ ಬದಿಗಿಟ್ಟರು.

ಆಗ ಹೇಳಿಬಿಟ್ಟೆ. ಬ್ಯಾಟರಿ ಬಿಚ್ಚಿದ್ದು, ಕುಂಕುಮ, ಉಲ್ಟಾ ಜೋಡಿಸಿದ್ದು, ಎಲ್ಲ. ಅವರಿಗೆ ಮಾತಾಡಲು ಕಷ್ಟವಾಗುತ್ತಿತ್ತು.

“ಕುಣಿ ನೆನಪಿಟ್ಟಿದ್ದಿ,” ಎಂದರು. ಅಷ್ಟೇ.

ಸಾಹೇಬರಿಗೆ ನಾನು ಹೇಳುವ ಅಗತ್ಯವೇ ಬೀಳಲಿಲ್ಲ. ವಿಚಾರಣೆಗೆಂದು ಅವರೇ ಬಂದು ಪೆಟ್ಟಿಗೆಯ ಮುಂದೆ ಕೂತು, ಸುಟ್ಟ ಫ್ಯೂಜ್ ನೋಡಿ, ಬ್ಯಾಟರಿಯ ಸಂದಿಗಳಲ್ಲಿ ಉಳಿದಿದ್ದ ಕೆಂಪನ್ನು ಬೆರಳಿನಿಂದ ಒರೆಸಿ ನೋಡಿದರು. ಕೆಲಸ ಹೋಯಿತು ಎಂದುಕೊಂಡೆ. ಹೋದರೆ ನ್ಯಾಯವೇ ಎಂದೂ ಅಂದುಕೊಂಡೆ. ನಾನೇ ಬರೆದುಕೊಟ್ಟ ಹೇಳಿಕೆಯನ್ನು ಅವರು ಓದಿ ಮಡಿಚಿ ಫೈಲಿಗೆ ಸೇರಿಸಿದರು. ನಮ್ಮ ಇಲಾಖೆಯವರು ಎರಡು ತಿಂಗಳು ನನ್ನನ್ನು ಕೆಲಸದಿಂದ ಹೊರಗಿಟ್ಟು, ತಪ್ಪನ್ನು ಬರೆದಿಟ್ಟು, ವಾಪಸ್ ತೆಗೆದುಕೊಂಡರು. ತಪ್ಪು ಒಪ್ಪಿಕೊಂಡವನು ಮತ್ತೆ ಅದನ್ನು ಮಾಡಲಾರ ಎಂದು ಸಾಹೇಬರು ಮೇಲಿನವರಿಗೆ ಹೇಳಿದ್ದರಂತೆ. ನನ್ನ ಮುಂದೆ ಹೇಳಿದ್ದು ಇಷ್ಟು:

“ದೇವ್ರಿಗೆ ಎಷ್ಟ್ ಬೇಕಾದ್ರೂ ಕುಂಕುಮ ಹಚ್ರಿ. ಬ್ಯಾಟ್ರಿಗೆ ಬ್ಯಾಡ್ರಿ.”

ಹೊಸ ಪೆಟ್ಟಿಗೆ ಬಂತು. ಈ ಸಲ ಜೋಡಿಸುವವರ ಪಕ್ಕದಲ್ಲಿ ಕೂತು ಪ್ರತಿ ತಂತಿಯನ್ನೂ ಕೇಳಿ ತಿಳಿದುಕೊಂಡೆ. ಪ್ಲಸ್ ವೈರಿಗೆ ಕೆಂಪು ಬೊಟ್ಟಿನ ಬದಲು ಮೂರು ಸುತ್ತು ದಾರ ಕಟ್ಟಿದೆ. ಕತ್ತಲಲ್ಲೂ ಬೆರಳಿಗೆ ತಿಳಿಯುತ್ತದೆ. ಫ್ಯೂಜುಗಳ ಡಬ್ಬಿಯನ್ನು ಅದರ ತಲೆಯ ಮೇಲೇ ಇಟ್ಟೆ. ಮನೆ ಅಳಿಯ ಎಂದು ಆಮೇಲೆ ಕರೆಯಲಿಲ್ಲ. ಬೆಳಿಗ್ಗೆ ಬಂದ ಕೂಡಲೇ ಹಸಿರು ದೀಪ ನೋಡದೆ ಚಹಾ ಕುಡಿಯುತ್ತಿರಲಿಲ್ಲ.

ಮುಂದಿನ ವರ್ಷದ ಖಂಡೆ ಪೂಜೆಗೆ ಸಾಹೇಬರೂ ಬಂದರು. ಎಲ್ಲ ಯಂತ್ರ ನಿಂತವು. ಪೆಟ್ಟಿಗೆಯ ಮೊಳೆಗೆ ಒಂದು ಚೆಂಡುಹೂವಿನ ಮಾಲೆ ಹಾಕಿದೆ, ಆದರೆ ಅದು ಚಾಲೂ ಇತ್ತು. ಕಾಕಾರ ನಿವೃತ್ತಿಗೆ ಇನ್ನು ಕೆಲವೇ ತಿಂಗಳು. ನಾನು ಇಳಿಯುತ್ತೇನೆ, ನೀವು ಬೇಡ ಎಂದು ಜಗಳವಾಡಿದೆ. ಅವರು ವಾಕಿಟಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎಂದಿನ ಹಾಗೆ ಮೆಟ್ಟಿಲಿಳಿದರು.

ಮೇಲಿನ ವಾಕಿಟಾಕಿಯನ್ನು ಸಾಹೇಬರು ದೊಡ್ಡವ್ವನ ಕೈಗೆ ಕೊಟ್ಟರು. ಅವಳ ಗಂಟಲು ಆ ದಿನದ ಮೇಲೆ ಪೂರ್ತಿ ಬಿಟ್ಟಿರಲಿಲ್ಲ. ಕೂಗುವುದು ಅವಳಿಗೆ ಇನ್ನು ಆಗದ ಕೆಲಸ. ನನ್ನ ಒಂದು ಚಿಟಿಕೆ ಕುಂಕುಮಕ್ಕೆ ಅವಳು ತೆತ್ತದ್ದು ಅದು. ಅವಳು ಆ ಯಂತ್ರವನ್ನು ಮಗುವನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದಳು.

“ಇದಕ್ಕೂ ತಿರುಗಿ ಹೇಳ್ಬೇಕೋ, ಬ್ಯಾಡೋ?”

“ಹೇಳ್ಬೇಕು ಯವ್ವ. ಅವತ್ತಿಂದ ನಮ್ಮಲ್ಲೂ ಅದೇ ರಿವಾಜು,” ಎಂದರು ಸಾಹೇಬರು.

ಚರ್ ಎಂದಿತು. ಐದು ಅಂತಸ್ತಿನ ಕೆಳಗಿನಿಂದ ಕಾಕಾರ ದನಿ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು.

“ದೊಡ್ಡವ್ವ, ನಾ ತಳದಾಗ ಅದೀನಿ. ಉಸಿರು ಬರೋಬ್ಬರಿ ಅದ.”

ದೊಡ್ಡವ್ವ ನನ್ನ ಕಡೆ ನೋಡಿದಳು. ಗುಂಡಿ ಒತ್ತುವುದನ್ನು ತೋರಿಸಿದೆ. ಬಾಯಿಯನ್ನು ಯಂತ್ರದ ಹತ್ತಿರ ತಂದು, ಹೊರಡುವಷ್ಟೇ ದನಿಯಲ್ಲಿ ಹೇಳಿದಳು.

“ತಳದಾಗ ಅದಿ. ಉಸಿರು ಬರೋಬ್ಬರಿ ಅದ. ಕೇಳ್ತು ತಮ್ಮಾ. ಇನ್ನ ಮ್ಯಾಲ ಬಾ, ಹೋಳಿಗಿ ಆರಾಕತ್ತಾವ.”

ಕೆಳಗಿನಿಂದ ಕಾಕಾ ಅದನ್ನೂ ಒಪ್ಪಿಸಿದರು.

“ಮ್ಯಾಲ ಬರ್ತೀನಿ.”